ಇಳಿಯಲು ನೆಲವಿಲ್ಲದ ಚಿತ್ರ

ಮಚೆರಾಟಾ, ಡಿಸೆಂಬರ್ ೯, ೧೯೩೫

ನಾಳೆ ಬೆಳಿಗ್ಗೆ ಮಗ ಎಲ್ವಿಯೋಗೆ ಉತ್ತರ ಹೇಳಬೇಕು. ಇಪ್ಪತ್ತೊಂದು ತುಂಬದ, ತಂದೆಯಿಲ್ಲದ ಹುಡುಗರು ವಿಮಾನಶಾಲೆಗೆ ಸೇರಲು ತಾಯಿಯ ಒಪ್ಪಿಗೆ ಬೇಕಂತೆ.

ಆ ಶಾಲೆಯ ಊಟದ ಮನೆಗೆಂದೇ ನಾನು ಬರೆಯುತ್ತಿರುವ ಚಿತ್ರಫಲಕ ಗೋಡೆಯುದ್ದಕ್ಕೂ ನಿಂತಿದೆ. ಅದರಲ್ಲಿ ಇಟಲಿಯ ವಿಮಾನಗಳು ಸುತ್ತಿ ಸುತ್ತಿ ಮೇಲೇರುತ್ತವೆ. ಬರೀ ರೆಕ್ಕೆ, ಬೆಳಕು, ವೇಗ. ನೆಲ ಬರೆಯುವುದು ಹಳಬರ ಚಾಳಿ ಎಂದು ನಾವು ಭವಿಷ್ಯವಾದಿ ಕಲಾವಿದರು ನಗುತ್ತೇವೆ. ನಾನೂ ನಕ್ಕಿದ್ದೇನೆ.

ಸಂಜೆ ಊಟಕ್ಕೆ ಕೂತಾಗ "ಬೇಡ ಕಣೋ" ಎಂದೆ.

"ಊರ ಮಕ್ಕಳಿಗೆಲ್ಲ ಹಾರಿ ಅಂತ ಬರೀತೀಯ. ನಿನ್ನ ಮಗ ಮಾತ್ರ ಕೋಳಿ ಥರ ಅಂಗಳದಲ್ಲೇ ಇರ್ಬೇಕಾ ಅಮ್ಮಾ?"

ಚಿಕ್ಕಂದಿನಲ್ಲಿ ನಾನು ಓದಿದ ಇಂಗ್ಲಿಷ್ ಶಾಲೆಯಲ್ಲಿ ಎರಡೂ ಕಡೆ ತೂಗಿ ವಾದಿಸಲು ಕಲಿಸಿದ್ದರು. ಇಂದು ಎರಡೂ ಕಡೆ ನಿಂತವಳು ನಾನೇ. ನಂಬಿಯೇ ಬರೆದೆನೇ? ನಂಬಿದ್ದರೆ ಈ ಭಯ ಯಾಕೆ?

ಆಮೇಲೆ ಪಕ್ಕದ ಮನೆಯ ಪಾಲ್ಮಿನಾ ಅಜ್ಜಿ ಸೌದೆ ಕೇಳಲು ಬಂದಳು. ನಾಳೆ ಲೊರೆಟೋ ಮಾತೆಯ ಹಬ್ಬ. ಮೇರಿಮಾತೆಯ ಮನೆಯನ್ನೇ ಹೊತ್ತು ಹಾರಿ ಬರುವ ದೇವದೂತರಿಗೆ ದಾರಿ ಕಾಣಲೆಂದು ಇಂದು ಬೀದಿಬೀದಿಯಲ್ಲೂ ಬೆಂಕಿ. ವಿಮಾನ ಹಾರಿಸುವವರನ್ನು ಕಾಯುವವಳೂ ಆ ಮಾತೆಯೇ.

ಅಜ್ಜಿ ಫಲಕವನ್ನು ದಿಟ್ಟಿಸಿ, "ಎಲ್ಲಾ ಮೇಲಕ್ಕೇ ಹೋಗ್ತಾವಲ್ಲೇ ತಾಯಿ, ಇಳಿಯೋದೆಲ್ಲಿ?" ಎಂದಳು.

ಅವಳು ಹೋದ ಮೇಲೆ ಫಲಕದ ಕೆಳಮೂಲೆಯಲ್ಲಿ ಒಂದು ಚಿಕ್ಕ ಬೆಂಕಿ ಬರೆದೆ. ಚಿತ್ರ ಬರೆಸುತ್ತಿರುವ ಶಾಲೆಯ ಸಮಿತಿಯವರು ಅಳಿಸು ಎನ್ನುತ್ತಾರೆ. ಎಲ್ವಿಯೋ ಬಂದು ನೋಡಿದ, ನಗಲಿಲ್ಲ.

"ನನಗಾ ಅಮ್ಮಾ ಅದು?"

ಹೌದೆಂದರೆ ಒಪ್ಪಿಗೆ ಕೊಟ್ಟಂತೆ. ಅಲ್ಲವೆಂದರೆ ಸುಳ್ಳು. ಬಣ್ಣ ಇನ್ನೂ ಹಸಿಯಾಗಿದೆ. ಈಗಲೇ ಎದ್ದು ಒರೆಸಿಬಿಟ್ಟರೆ, ಅವನು ಇಳಿಯಲು ನೆಲವೆಲ್ಲಿ?