ಸ್ವೆಟರ್ ಮೇಲಿನ ಬೀರು

ಮಾರ್ಚ್ 4, ಬೆಳಿಗ್ಗೆ 7
ಎರಡು ಲೋಟ ಕಾಫಿ. ಅಕ್ಕನದನ್ನು ಹೆಣಿಗೆ ಮೆಷಿನ್‌ನಿಂದ ಆರಡಿ ದೂರ ಇಟ್ಟೆ. ಬುದ್ಧಿ ಈಗ ಬಂದಿದೆ. ಮೆಷಿನ್‌ಗೆ ಡಿಸೈನ್ ಕಳಿಸುವ ಅವಳ ಲ್ಯಾಪ್‌ಟಾಪ್ ಮೇಲೆ ನಾನು ಕಾಫಿ ಚೆಲ್ಲಿ ಇವತ್ತಿಗೆ ಸರಿಯಾಗಿ ಎರಡು ತಿಂಗಳು. ಮೆಷಿನ್‌ಗೆ ಬಟ್ಟೆ ಹೊದಿಸಿಬಿಟ್ಟಿದ್ದಾಳೆ. ಸ್ವೆಟರ್ ಕೇಳಿ ಬಂದವರಿಗೆ "ನಿಲ್ಲಿಸ್ಬಿಟ್ಟೆ" ಅನ್ನುತ್ತಾಳೆ. ನನಗೆ ಅಂದದ್ದು "ಹೋಗ್ಲಿ ಬಿಡೋ" ಅಷ್ಟೇ. ನಾಲ್ಕು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾರ್ಚ್ 6
ರಿಪೇರಿ ಅಂಗಡಿಯವನು ಹಾರ್ಡ್ ಡಿಸ್ಕ್ ಮಾತ್ರ ಉಳಿಸಿಕೊಟ್ಟ. ಹದಿನೆಂಟು ವರ್ಷದ ಡಿಸೈನ್ ಅದರಲ್ಲಿವೆ. ಆದರೆ ತೆರೆಯುವ ಸಾಫ್ಟ್‌ವೇರ್ ವಿಂಡೋಸ್‌ಗೆ ಮಾಡಿದ್ದು, ಮಾಡಿದ ಕಂಪನಿ ಬಾಗಿಲು ಹಾಕಿದೆ. ನನ್ನ ಹಳೇ ಕಂಪ್ಯೂಟರ್ ಡಬ್ಬದಲ್ಲಿರುವುದು ಲಿನಕ್ಸ್, ಅದರಲ್ಲಿ ಇದು ಓಡುವುದಿಲ್ಲ.
"ವೈನ್ ಅಂತ ಒಂದು ಸಾಫ್ಟ್‌ವೇರ್ ಇದೆ, ಹಾಕ್ಕೊಳ್ಳಿ ಸಾರ್, ವಿಂಡೋಸ್‌ದು ಅದರಲ್ಲೇ ಓಡತ್ತೆ."
ಈ ವಯಸ್ಸಲ್ಲಿ ವೈನ್! ಅಕ್ಕನಿಗೆ ಹೇಳಿಲ್ಲ. ಆಸೆ ತೋರಿಸಿ ಕೈ ಕೊಟ್ಟ ಹಾಗಾಗಬಾರದು.

ಮಾರ್ಚ್ 9
ವೈನ್‌ನಲ್ಲಿ ಅಕ್ಕನ ಸಾಫ್ಟ್‌ವೇರ್ ತೆರೆಯಿತು... ಮುಚ್ಚಿಕೊಂಡಿತು. ಹನ್ನೊಂದು ಸಲ. ಮೂವತ್ತು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದವನು ನಾನು. ಎರಡು ಮಹಡಿ ನಡುವೆ ಸಿಕ್ಕಿಕೊಂಡದ್ದನ್ನೆಲ್ಲ ಇಳಿಸಿದ್ದೇನೆ, ಇದ್ಯಾವ ಮಹಾ.

ಮಾರ್ಚ್ 15, ಮಧ್ಯಾಹ್ನ
ತೆರೆಯಿತು, ನಿಂತಿತು! ಕೇಬಲ್ ಹಾಕಿದರೆ ಮೆಷಿನ್ನನ್ನೂ ಗುರುತು ಹಿಡಿಯಿತು. ಆದರೆ ಡಿಸೈನೆಲ್ಲ ಉಲ್ಟಾ. ಮಕ್ಕಳ ಹೆಸರು ಕನ್ನಡಿಯಲ್ಲಿ ಕಂಡ ಹಾಗೆ. ಎಲ್ಲ ಈ ವೈನ್‌ನ ಕಿತಾಪತಿ.

ಮಾರ್ಚ್ 24
ಯಾವ ಸೆಟ್ಟಿಂಗ್‌ಗೂ ಬಗ್ಗಲಿಲ್ಲ. ಕೊನೆಗೆ ಒಂದೊಂದೇ ಫೈಲ್ ತೆರೆದು, ತಿರುಗಿಸಿ, ಸೇವ್ ಮಾಡಿದೆ. ನೂರ ನಲವತ್ತೂ. ಬೆನ್ನು ಹಿಡಿದುಕೊಂಡಿದೆ. ಕೊನೆಯದು ಅರ್ಧಕ್ಕೇ ನಿಂತಿದೆ – ಒಂದು ಪೆಟ್ಟಿಗೆ, ಎರಡು ಬಾಗಿಲು. ಸ್ವೆಟರ್ ಮೇಲೆ ಬೀರು ಯಾರಿಗೆ ಬೇಕಿತ್ತೋ!

ಮಾರ್ಚ್ 25
ಅಕ್ಕನನ್ನು ಕರೆತಂದು ಕೂರಿಸಿದೆ. ಸ್ಕ್ರೀನ್ ಮೇಲೆ ತನ್ನ ಡಿಸೈನ್ ನೋಡಿ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ಕಣ್ಣು ತುಂಬಿತು. ಆಮೇಲೆ ಹುಬ್ಬು ಗಂಟಾಯಿತು.
"ಏನೋ ಮಾಡಿದೀಯ ಇದಕ್ಕೆ?"
"ಉಲ್ಟಾ ಇತ್ತು. ಸರಿ ಮಾಡ್ದೆ."
"ಎಷ್ಟನ್ನ?"
"ಎಲ್ಲಾನೂ."
"ಅಯ್ಯೋ ಪುಣ್ಯಾತ್ಮ! ಮೆಷಿನ್ ಹೆಣಿಯೋವಾಗ ನಮ್ಮ ಕಡೆ ಇರೋದು ಬಟ್ಟೆ ಹಿಂಬದಿ ಕಣೋ. ಉಲ್ಟಾ ಹಾಕಿದ್ರೇನೇ ಮುಂದ್ಗಡೆ ಸೀದಾ ಬರೋದು!"
ಹೊಟ್ಟೆ ಹಿಡಿದುಕೊಂಡು ನಕ್ಕಳು. ಎರಡು ತಿಂಗಳ ಮೇಲಾಗಿತ್ತು ಆ ನಗು ಕೇಳಿ. ಹದಿನೆಂಟು ವರ್ಷ ಪಕ್ಕದ ಕೋಣೆಯಲ್ಲೇ ಇದ್ದೆ, ಒಂದು ದಿನವೂ ಅವಳ ಕೆಲಸ ಇಣುಕಿ ನೋಡಿರಲಿಲ್ಲ. ನಾಚಿಕೆಯಾಯಿತು.

ಮಾರ್ಚ್ 28, ಸಂಜೆ
ನಾನೇ ವಾಪಸ್ ತಿರುಗಿಸುತ್ತೇನೆ ಎಂದರೆ ಕೈ ಮೇಲೆ ಪಟ್ ಅಂತ ಕೊಟ್ಟಳು. "ಮುಟ್ಟಬೇಡ!" ಮೂರು ದಿನದಿಂದ ಅವಳೇ ಒಂದೊಂದಾಗಿ ತಿರುಗಿಸುತ್ತಿದ್ದಾಳೆ, ಯಾವುದು ಯಾರಿಗೆ ಹೆಣೆದದ್ದು ಅಂತ ಕಥೆ ಹೇಳುತ್ತಾ. ಇವತ್ತು ಕೊನೆಯದಕ್ಕೆ ಬಂದಳು. ಫೈಲ್ ತಾರೀಖು ಜನವರಿ 4. ಕಾಫಿಯ ದಿನ.
"ಈ ಬೀರು ಯಾರಿಗಕ್ಕ?"
"ಬೀರು ಅಲ್ವೋ ಮಂಕೆ, ಲಿಫ್ಟು! ನೀನು ರಿಟೈರ್ ಆದ್ಯಲ್ಲ, ನಿಂಗೇಂತ ಶುರು ಮಾಡಿದ್ದೆ. ಅವತ್ತು ನೀನು ಕಾಫಿ ತಂದಾಗ ಇದನ್ನೇ ಮುಚ್ಚಿಡೋಕೆ ಹೋದೆ, ಮೊಣಕೈ ಲೋಟಕ್ಕೆ ತಾಗ್ತು... ತಪ್ಪು ನಂದೂ ಇತ್ತು ಕಣೋ."
ಅತ್ತುಬಿಟ್ಟೆ. ಅವಳು ಎದ್ದು ಹೋಗಿ ಮೆಷಿನ್ ಮೇಲಿನ ಬಟ್ಟೆ ತೆಗೆದಳು.

ಮಾರ್ಚ್ 30, ಬೆಳಿಗ್ಗೆ
ಎದ್ದಾಗಿನಿಂದ ಮೆಷಿನ್ ಸದ್ದು. ನನ್ನ ಸ್ವೆಟರ್‌ನ ಹಿಂಭಾಗ ಮುಗಿಯಿತಂತೆ. ಹೊಟ್ಟೆಯ ಅಳತೆ ಮತ್ತೆ ತೆಗೆಯಬೇಕಂತೆ, ಹಳೇದು ನಂಬೋ ಹಾಗಿಲ್ಲವಂತೆ. ಕರೆಯುತ್ತಿದ್ದಾಳೆ – "ಟೇಪ್ ತಗೊಂಡ್ ಬಾ, ಕಾಫಿ ಅಲ್ಲೇ ಬಿಟ್ಟು ಬಾ!" ಬಂದೆ ಅಕ್ಕ, ಇದೊಂದು ಸಾಲು ಬರೆದು...