ಧಾರಾವಾಹಿಗೆ ಕೊಟ್ಟ ಕುರ್ಚಿ

ಇವಳೇ,

ಇವತ್ತು ಬೆಳಿಗ್ಗೆ ನಮ್ಮ ಮಧ್ಯಾಹ್ನದ ಧಾರಾವಾಹಿಯ ಹದಿನಾಲ್ಕು ಜನರನ್ನು ಮನೆಗೆ ಕಳಿಸಿದರು. ಸೆಟ್ಟಿನ ಸಾಮಾನು ನೋಡಿಕೊಳ್ಳುವ ನಾನೂ ಅದರಲ್ಲೊಬ್ಬ. ಕಾಗದದಲ್ಲಿ ‘ರಿಡಂಡೆಂಟ್’ ಅಂತಿತ್ತು. ಕಾಲೇಜಿನಲ್ಲಿ ಓದಿದ ಪದ. ‘ಹೆಚ್ಚಾದದ್ದು’ ಅಂತ ಅರ್ಧ ಅರ್ಥ ನೆನಪಾಯಿತು, ಉಳಿದರ್ಧ ಮ್ಯಾನೇಜರನ ಮುಖ ನೋಡಿ ತಿಳಿಯಿತು. ಉಳಿದವರಿಗೂ ತಿಂಗಳ ಕೊನೆಯ ತನಕ ಮಾತ್ರ ಭರವಸೆಯಂತೆ. ಅದಿರಲಿ.

“ಸ್ವಂತದ್ದು ಏನಾದ್ರೂ ಇದ್ರೆ ತಗೊಂಡ್ಹೋಗಿ, ಅಣ್ಣ” ಅಂದ ಮ್ಯಾನೇಜರ್. ನಿನ್ನ ಬೆತ್ತದ ಕುರ್ಚಿ ಇತ್ತಲ್ಲ, ಎರಡು ದಿನಕ್ಕೆಂದು ಸೆಟ್ಟಿಗೆ ಒಯ್ದು ಒಂಬತ್ತು ವರ್ಷವಾಗಿತ್ತು. “ರೀ, ನನ್ನ ಕುರ್ಚೀಲಿ ಆ ಅತ್ತೆ ಎಷ್ಟು ಠೀವಿಯಿಂದ ಕೂತಿದಾಳೆ ನೋಡಿ! ಯಾವಾಗ ತಂದ್ಕೊಡ್ತೀರಾ?” ಎಂದು ನೀನು ಧಾರಾವಾಹಿ ನೋಡುತ್ತಾ ಕೇಳಿದಾಗಲೆಲ್ಲ, “ಕಂಟಿನ್ಯುಟಿ ಕಣೇ, ಕುರ್ಚಿ ಬದಲಾದ್ರೆ ಜನ ಹಿಡಿದುಬಿಡ್ತಾರೆ” ಎನ್ನುತ್ತಿದ್ದೆ. ನೀನು ತೀರಿಕೊಂಡ ಮೇಲೂ ಅದು ಅಲ್ಲೇ ಉಳಿಯಿತು.

ದೀಪಗಳು ಆರಿದ್ದರೂ ಸೆಟ್ಟಿನ ಕಿಟಕಿಯಾಚೆ ಬಟ್ಟೆಯ ಮೇಲೆ ಬರೆದ ಬೆಳಗು ಹಾಗೇ ಹರಡಿತ್ತು. ನಾನು ಕುರ್ಚಿ ಎತ್ತಿದಾಗ ನಿರ್ದೇಶಕರು ತಲೆಯೆತ್ತದೆ, “ಅಲ್ಲೊಂದು ಸ್ಟೂಲ್ ಹಾಕ್ರೋ, ಯಾರ್ ನೋಡ್ತಾರೆ” ಅಂದರು. ಅಷ್ಟೇ. ಕುರ್ಚಿ ಒಯ್ಯಲೇ ಎಂದು ಇಷ್ಟು ವರ್ಷದಲ್ಲಿ ನಾನು ಅವರನ್ನು ಒಮ್ಮೆಯೂ ಕೇಳಿರಲಿಲ್ಲ.

ಮನೆಗೆ ಬಂದು ಎರಡು ಗಂಟೆಗೆ ಟಿ.ವಿ. ಹಾಕಿದೆ. ಹೋದ ವಾರ ಶೂಟ್ ಮಾಡಿದ ಕಂತು. ಕುರ್ಚಿ ಅಲ್ಲೂ ಇತ್ತು, ಇಲ್ಲಿ ನನ್ನ ಪಕ್ಕದಲ್ಲೂ ಇತ್ತು. ಅಲ್ಲಿ ಅತ್ತೆ ಕೂತಿದ್ದಳು, ಇಲ್ಲಿ ಬಿಸಿಲು ಕೂತಿತ್ತು. ಕುರ್ಚಿ ಹೋದ ಮೇಲೆ ನೀನು ಕೂರುತ್ತಿದ್ದ ಹಾಗೆ ನಾನು ಚಾಪೆಯ ಮೇಲೆ ಗೋಡೆಗೊರಗಿ ಕೂತೆ. ಕಂತು ಇರುವುದು ಇಪ್ಪತ್ತೆರಡು ನಿಮಿಷ. ಹತ್ತನೆಯ ನಿಮಿಷಕ್ಕೇ ಸೊಂಟ ಹಿಡಿದುಕೊಂಡಿತು.