ಬಂದೂಕಿನ ಸಂದಿಯಲ್ಲಿ ಏಳು ಬನ್ನಿ ಎಲೆ

ಸಿಂದಗಿ
ಗುರುವಾರ, ಮಧ್ಯಾಹ್ನ

ಕೊಲ್ಹಾರದ ಶಮಶುದ್ದೀನ ಅಣ್ಣನವರಿಗೆ, ನಿಮ್ಮ ಸುಲ್ತಾನಾಗೆ ಒಂದನೆಯ ಇಯತ್ತೆಯಲ್ಲಿ ಅಕ್ಷರ ತಿದ್ದಿಸಿದ ಶೆಟ್ಟೆವ್ವ ಅಕ್ಕೋರು ತಲೆ ತಗ್ಗಿಸಿ ಮಾಡುವ ನಮಸ್ಕಾರ.

ಸುಲ್ತಾನಾಳ ನಿಕಾಹ್ ಕಾರ್ಡು ಸೋಮವಾರ ಕೈಸೇರಿತು. ಹೆಸರಿನ ಮುಂದೆ ಎಂ.ಎಸ್ಸಿ. ಎಂದು ಅಚ್ಚಾದದ್ದು ನೋಡಿ, ‘ಳ’ ಬರೆಯಲು ಬರುವುದಿಲ್ಲವೆಂದು ಒಂದು ವಾರ ಅತ್ತ ಹುಡುಗಿ ಇವಳೇನಾ ಎಂದು ನಗು ಬಂತು. ಕಾರ್ಡಿನ ಮೇಲೆ ನಮ್ಮಿಬ್ಬರ ಹೆಸರನ್ನೂ ನಿಮ್ಮ ಕೈಯಾರೆ ಬರೆದಿದ್ದೀರಿ. ಇವರ ಹೆಸರಿನ ಹಿಂದೆ ‘ಸುಬೇದಾರ್’ ಎಂದು ಬರೆಯುವುದನ್ನೂ ಬಿಟ್ಟಿಲ್ಲ. ಅಷ್ಟು ಬೈಸಿಕೊಂಡ ಮೇಲೂ ಕರೆದಿರಲ್ಲ ಅಣ್ಣಾ, ಅದಕ್ಕೇ ಈ ಪತ್ರ. ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನಗೆ ಧೈರ್ಯ ಸಾಲುವುದಿಲ್ಲ. ಹದಿನೇಳು ತಿಂಗಳಿಂದ ನಮ್ಮವರು ನಿಮ್ಮೊಂದಿಗೆ ಮಾತು ಬಿಟ್ಟಿದ್ದಾರಲ್ಲ, ಅದರ ಮೂಲ ನೀವು ಮಾಡಿದ ಬಂದೂಕಿನ ಕಟ್ಟಿಗೆಯಲ್ಲಿ ಇರಲಿಲ್ಲ. ನನ್ನ ಕೈಯಲ್ಲಿತ್ತು.

ನಿಮಗೆ ನೆನಪಿರಬೇಕು. ಏಳು ವರ್ಷದ ಹಿಂದೆ ಇವರ ರೈಫಲ್ಲಿನ ನಳಿಗೆ ಕೂರುವ ಹಳೆಯ ಕಟ್ಟಿಗೆ ಸೀಳಿತ್ತು. ಸೈನ್ಯದಿಂದ ನಿವೃತ್ತರಾಗಿ ಬಂದ ಮೇಲೆ ಲೈಸೆನ್ಸ್ ಮಾಡಿಸಿ ಕೊಂಡ ರೈಫಲ್ಲು ಅದು. ಒಂದೊಂದು ಗುಂಡಿಗೂ ಕೈಯಿಂದ ಬೋಲ್ಟು ಎಳೆದು ತಳ್ಳಬೇಕು. ಮಾಜಿ ಸೈನಿಕರ ಸ್ಪರ್ಧೆಯಲ್ಲಿ ಹೊಡೆಯುವುದನ್ನು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ಬಾಗಿಲು, ಚೌಕಟ್ಟು, ತೊಟ್ಟಿಲು ಮಾಡುವ ನೀವು ನಮ್ಮ ಪಡಸಾಲೆಯಲ್ಲೇ ಕೂತು ಹೊಸ ಕಟ್ಟಿಗೆ ಕೆತ್ತಿದಿರಿ. ನನ್ನ ಕಾಡಿಗೆ ಡಬ್ಬಿ ಇಸಿದುಕೊಂಡು ಕಬ್ಬಿಣಕ್ಕೆ ಸವರಿ, ಕಟ್ಟಿಗೆಯಲ್ಲಿ ಕೂರಿಸಿ, ತೆಗೆದು, ಕಪ್ಪು ಹತ್ತಿದ ಜಾಗವನ್ನಷ್ಟೇ ಉಳಿಯಿಂದ ಕೆರೆದಿರಿ. ನಾಲ್ಕು ದಿನ ಅದೇ ಕೆಲಸ. ಕೊನೆಯ ದಿನ ಕ್ಯಾಲೆಂಡರಿನ ಹಾಳೆಯ ಪಟ್ಟಿ ಹರಿದು ನಳಿಗೆಯ ಕೆಳಗೆ ತೂರಿಸಿ, ತುದಿಯಿಂದ ಬುಡದವರೆಗೆ ಸರಸರನೆ ಎಳೆದು ತೋರಿಸಿದಿರಿ.

“ಹಿಂದ ಕಬ್ಬಿಣ ಕಟ್ಟಿಗ್ಯಾಗ ಗಟ್ಟಿ ಕುಂದರಬೇಕ್ರಿ, ಮುಂದ ನಳಗಿ ಕಟ್ಟಿಗಿಗೆ ಎಲ್ಲೂ ಮುಟ್ಟಬಾರದು. ಈ ಸಂದಿ ಹಿಂಗs ಇರಲಿ. ಸುಮ್ಮಸುಮ್ಮನ ಸ್ಕ್ರೂ ಬಿಚ್ಚಬ್ಯಾಡ್ರಿ” ಎಂದಿರಿ. ನಾನು ಚಹಾದ ತಾಟು ಹಿಡಿದು ಅಲ್ಲೇ ನಿಂತಿದ್ದೆ. ಕಿವಿಯಾರೆ ಕೇಳಿದ್ದೇನೆ, ಕೇಳಿಲ್ಲವೆಂದು ಹೇಳಿದರೆ ನಾಲಿಗೆ ಬಿದ್ದೀತು. ನಮ್ಮವರಂತೂ ನಿಮ್ಮ ಕೊನೆಯ ಮಾತನ್ನು ಸೈನ್ಯದ ಆಜ್ಞೆಯಂತೆ ಪಾಲಿಸಿದರು. ಅಂದಿನಿಂದ ಕಟ್ಟಿಗೆಯನ್ನು ಒಮ್ಮೆಯೂ ಬಿಚ್ಚಲಿಲ್ಲ.

ಎರಡು ವರ್ಷ ಅದು ಹೊಡೆದದ್ದೇ ಹೊಡೆದದ್ದು. ಆಮೇಲೆ ಗುರಿ ಕೆಡತೊಡಗಿತು. ಮೊದಲ ಅನುಮಾನ ಕಣ್ಣಿನ ಮೇಲೆ ಬಂತು. ವಿಜಯಪುರಕ್ಕೆ ಹೋಗಿ ಹೊಸ ಕನ್ನಡಕ ತಂದರು. ಅದರಿಂದ ಆದ ಲಾಭವೆಂದರೆ, ತಪ್ಪಿದ ಗುಂಡು ಎಷ್ಟು ದೂರ ತಪ್ಪಿದೆ ಎಂಬುದು ಸ್ಪಷ್ಟವಾಗಿ ಕಾಣತೊಡಗಿತು. ಆಮೇಲೆ ಕಾಡತೂಸಿನ ಸರದಿ. ಬೇರೆ ಪೆಟ್ಟಿಗೆ ತರಿಸಿದರು, ಅದೂ ತಪ್ಪಿತು. ಆಮೇಲೆ ನಳಿಗೆ ತೊಳೆಯುವ ಹಬ್ಬ ಶುರುವಾಯಿತು. ನನ್ನ ಎರಡು ಹತ್ತಿ ಸೀರೆ ಚಿಂದಿಯಾಗಿ ನಳಿಗೆಯೊಳಗೆ ಹೋಗಿ ಕಪ್ಪಾಗಿ ಹೊರಬಂದವು. ಮೂರನೆಯದನ್ನು ನಾನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದೆ. ಗುರಿ ನೋಡುವ ಮುಂದಿನ ಕಡ್ಡಿಯನ್ನು ಒಮ್ಮೆ ಬಲಕ್ಕೆ ಸರಿಸಿದರು, ಮರುವಾರ ಎಡಕ್ಕೆ ಸರಿಸಿದರು. ಸ್ಕ್ರೂಗಳನ್ನು ಹಲ್ಲು ಕಚ್ಚಿ ಬಿಗಿದರು. ಬೆಳಿಗ್ಗೆ ಬಿಗಿದದ್ದು ಹತ್ತು ಗುಂಡು ಹಾರಿಸುವಷ್ಟರಲ್ಲಿ ಸಡಿಲಾಗುತ್ತಿತ್ತು. ಕೊನೆಗೆ ತಪ್ಪು ನನ್ನ ಒಲೆಯ ಮೇಲೆ ಬಂತು. ಮಿರ್ಚಿ ಭಜಿ ತಿಂದರೆ ಹೊಟ್ಟೆ ಉಬ್ಬಿ ಉಸಿರು ನಿಲ್ಲುವುದಿಲ್ಲ, ಉಸಿರು ನಿಲ್ಲದಿದ್ದರೆ ಕೈ ನಿಲ್ಲುವುದಿಲ್ಲ ಎಂದು ಭಜಿ ಬಂದ್ ಮಾಡಿದರು. ನಾನೂ ಹೇಗಿದ್ದರೂ ಮನೆಯಲ್ಲಿ ಎಣ್ಣೆ ಸಾಲದು ಎಂದು ಒಪ್ಪಿಕೊಂಡೆ. ಈ ಎಣ್ಣೆಯ ಮಾತು ನೆನಪಿಟ್ಟುಕೊಳ್ಳಿ ಅಣ್ಣಾ, ಮುಂದೆ ನನ್ನ ಮಾನ ಹೋಗುವುದು ಅದರಿಂದಲೇ.

ತಮಾಷೆ ಏನೆಂದರೆ, ಪ್ರತಿ ಸಲ ಮೊದಲ ಎರಡು ಗುಂಡು ನಟ್ಟನಡುವೆ ಬೀಳುತ್ತಿದ್ದವು. ನಳಿಗೆ ಕಾದ ಮೇಲೆ ಮೂರನೆಯದು ಎಡಕ್ಕೆ, ನಾಲ್ಕನೆಯದು ಇನ್ನೂ ಎಡಕ್ಕೆ, ಐದನೆಯದು ಬಾಗೇವಾಡಿ ಬಸ್ಸು ಹತ್ತಿದಂತೆ ಎತ್ತಲೋ. ಎರಡು ಗುಂಡಿಗೆ ಚೆನ್ನಾಗಿರುವ ಕಣ್ಣು ಮೂರನೆಯದಕ್ಕೆ ಹೇಗೆ ಕೆಡುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಮೂವತ್ತೆರಡು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದ ನಾನೂ ಕೇಳಲಿಲ್ಲ.

ಇನ್ನು ಬೈಯಲು ಮನೆಯಲ್ಲಿ ಏನೂ ಉಳಿಯದಾದಾಗ ಇವರು ನಿಮ್ಮ ಅಂಗಡಿಗೆ ಬಂದರು. ಗಿರಾಕಿಗಳ ಮುಂದೆ, “ಬಾಗಲಾ ಕಿಡಕಿ ಮಾಡೂ ಮನಷ್ಯಾಗ ಬಂದೂಕಿನ ಕಟ್ಟಿಗಿ ಕೊಟ್ಟದ್ದs ನಂದು ತಪ್ಪಾತು” ಎಂದರಂತೆ. ನೀವು ಉಳಿ ಕೆಳಗಿಟ್ಟು, “ಒಮ್ಮೆ ಬಿಚ್ಚಿ ನೋಡೂಣ್ರಿ ಸುಬೇದಾರ್ರ. ಕಟ್ಟಿಗಿ ಸುಳ್ಳು ಹೇಳಂಗಿಲ್ಲ” ಎಂದಿರಂತೆ. ಇವರು ಬಿಚ್ಚಲಿಲ್ಲ, ತಿರುಗಿ ಬಂದುಬಿಟ್ಟರು. ನೀವು ಪ್ರತಿ ಸಲ ಕಟ್ಟಿಕೊಡುತ್ತಿದ್ದ ಕೊಲ್ಹಾರದ ಮೊಸರಿನ ಗಡಿಗೆಯನ್ನೂ ಬಿಟ್ಟು ಬಂದಿದ್ದರು ಎಂದಾಗಲೇ ನನಗೆ ಜಗಳ ದೊಡ್ಡದು ಎಂದು ತಿಳಿಯಿತು. ಆ ವರ್ಷ ದಸರಾಕ್ಕೆ ಬನ್ನಿ ಎಲೆ ಕೊಟ್ಟು ಬಂಗಾರದಂತೆ ಇರೋಣ ಎನ್ನಲು ನೀವು ಬರಲಿಲ್ಲ. ಇವರು ಅಂದು ಸಂಜೆಯವರೆಗೆ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ಗಾಳಿಗೆ ಕೂತಿದ್ದೇನೆ ಎಂದರು. ಅಂದು ಗಾಳಿಯೇ ಇರಲಿಲ್ಲ.

ಈಗ ನನ್ನ ಪಾಪ ಕೇಳಿ. ದಸರಾದ ಹಿಂದಿನ ದಿನ ಆಯುಧಗಳ ಖಂಡೆಪೂಜೆಗೆ ಮನೆಯ ಕಬ್ಬಿಣವೆಲ್ಲ ನನ್ನ ಕೈಗೆ ಬರುತ್ತದೆ. ಈಳಿಗೆ, ಕುಡುಗೋಲು, ಹೊಲಿಗೆ ಯಂತ್ರ, ಮಿಕ್ಸರ್, ಸ್ಕೂಟಿ, ಕೊನೆಗೆ ರೈಫಲ್ಲು. ಎಲ್ಲಕ್ಕೂ ವಿಭೂತಿ, ಕುಂಕುಮ. ಕಬ್ಬಿಣಕ್ಕೆ ಎಣ್ಣೆ ಒಳ್ಳೆಯದು ಎಂದು ರೈಫಲ್ಲಿಗೆ ಧಾರಾಳವಾಗಿ ಅಡುಗೆಯ ಕುಸುಬಿ ಎಣ್ಣೆ. ಮರುದಿನ ಎಲ್ಲಕ್ಕೂ ಒಂದೊಂದು ಬನ್ನಿ ಎಲೆ. ಸ್ಕೂಟಿಯ ಎಲೆ ಹಾರಿಹೋಗುತ್ತದೆ, ಮಿಕ್ಸರಿನದು ಚಟ್ನಿಯ ಹೊತ್ತಿಗೆ ಬೀಳುತ್ತದೆ. ಬಂದೂಕಿನ ಎಲೆ ಮಾತ್ರ ಬೀಳಬಾರದು ಎಂದು ನನಗೆ ಅನಿಸಿತು. ಇವರು ಗಡಿಯಲ್ಲಿದ್ದ ಹತ್ತೊಂಬತ್ತು ವರ್ಷ ಪ್ರತಿ ದಸರಾದಲ್ಲೂ ಅವರ ಪಾಲಿನ ಎಲೆಯನ್ನು ಅಂಚೆಯಲ್ಲಿ ಕಳಿಸುತ್ತಿದ್ದೆ, ಮುಟ್ಟುತ್ತದೋ ಇಲ್ಲವೋ ಎಂಬ ಹೆದರಿಕೆಯಲ್ಲೇ ಇರುತ್ತಿದ್ದೆ. ಆ ಹೆದರಿಕೆ ನಿವೃತ್ತಿಯಾಗಲಿಲ್ಲ ಅಣ್ಣಾ. ಎಲೆ ಇಡಲು ಜಾಗ ಹುಡುಕಿದೆ. ನೀವು ಬಿಟ್ಟ ಸಂದಿ ಎಲೆಗೆಂದೇ ಬಿಟ್ಟಂತಿತ್ತು. ಒಳಗೆ ತೂರಿಸಿ, ಬೀಳದಿರಲಿ ಎಂದು ಕಸಬರಿಗೆ ಕಡ್ಡಿಯಿಂದ ಚೆನ್ನಾಗಿ ಒತ್ತಿದೆ. ಪ್ರತಿ ವರ್ಷ ಒಂದು. ಗುರಿ ಕೆಟ್ಟ ಮೇಲಂತೂ, ದೇವರೇ ಇವರ ಗುರಿ ಸರಿ ಮಾಡು ಎಂದು ಬೇಡಿಕೊಂಡು ಎಣ್ಣೆಯನ್ನು ಎರಡು ಪಟ್ಟು ಸುರಿದು, ಎಲೆಯನ್ನು ಇನ್ನೂ ಬಿಗಿಯಾಗಿ ಒತ್ತಿದೆ.

ಹೋದ ವಾರದ ಸ್ಪರ್ಧೆಯಲ್ಲಿ ಇವರು ಹನ್ನೊಂದು ಜನರಲ್ಲಿ ಹನ್ನೊಂದನೆಯವರಾದರು. ಜೊತೆಗಾರ ಅಪ್ಪಾಸಾಬ, “ಸಾಹೇಬ್ರ, ನಿಮ್ಮ ಗುಂಡು ಎಲ್ಲಿಗಿ ಹೋದುವು ಅಂತ ಪೇಪರನ್ಯಾಗ ಜಾಹೀರಾತು ಕೊಡ್ರಿ” ಎಂದನಂತೆ. ಇವರು ಜಗಳ ಕೂಡ ಆಡಲಿಲ್ಲ. ಮನೆಗೆ ಬಂದು, “ಸೋಮವಾರ ಠಾಣೆಗೆ ಹೋಗಿ ಬಂದೂಕು ಒಪ್ಪಿಸಿ ಬರ್ತೇನಿ. ಕೈ ಮುಗೀತು ನಂದು” ಎಂದರು. ಮರುದಿನದಿಂದ ಬೂಟಿಗೆ ಪಾಲಿಶ್ ಹಾಕಲಿಲ್ಲ. ಮದುವೆಯಾದ ಮೂವತ್ತನಾಲ್ಕು ವರ್ಷದಲ್ಲಿ ಪಾಲಿಶ್ ಇಲ್ಲದ ಬೂಟನ್ನು ನಾನು ನೋಡಿರಲಿಲ್ಲ. ನನಗೆ ನಿಜಕ್ಕೂ ಭಯವಾಯಿತು.

ಆ ಸೋಮವಾರ ಬೆಳಿಗ್ಗೆಯೇ ನಿಮ್ಮ ಕಾರ್ಡು ಬಂತು. ಇವರು ಒಪ್ಪಿಸುವ ಮುನ್ನ ಕೊನೆಯ ಸಲ ಒರೆಸೋಣವೆಂದು ರೈಫಲ್ಲನ್ನು ಪೇಪರಿನ ಮೇಲೆ ಮಲಗಿಸಿ ಚಿಂದಿ ಹುಡುಕುತ್ತಿದ್ದರು. ನಾನು ಕಾರ್ಡು ತೆರೆದೆ. ಒಳಗಿನಿಂದ ತೆಳ್ಳನೆಯ ಬೆಣ್ಣೆ ಕಾಗದ ಜಾರಿ ನೇರ ನಳಿಗೆಯ ಮೇಲೆ ಬಿತ್ತು. ಆ ಕಾಗದ ಆ ನಳಿಗೆಯ ಮೇಲೆ ಬಿದ್ದದ್ದೇ ತಡ, ನಿಮ್ಮ ಕ್ಯಾಲೆಂಡರಿನ ಪಟ್ಟಿ ಕಣ್ಣಮುಂದೆ ಬಂತು. ಸುಮ್ಮನೆ ನಳಿಗೆಯ ಕೆಳಗೆ ತೂರಿಸಿ ಎಳೆದೆ. ನಾಲ್ಕು ಬೆರಳು ಹೋಗಿ ನಿಂತುಬಿಟ್ಟಿತು. ಅದು ನಾನು ಎಲೆ ಒತ್ತುತ್ತಿದ್ದ ಜಾಗ.

ಹೇಳದೆ ಇರಬಹುದಿತ್ತು. ಆದರೆ ಆ ಬೂಟು ಬಾಗಿಲಲ್ಲೇ ಕಾಣುತ್ತಿತ್ತು. ಹೇಳಿದೆ. ಇವರು ಸ್ಕ್ರೂ ಬಿಚ್ಚಿ ಕಬ್ಬಿಣವನ್ನು ಎತ್ತಿದರು. ಎಲೆ, ಎಣ್ಣೆ, ಕುಂಕುಮ, ವಿಭೂತಿ ಸೇರಿ ಸಿಮೆಂಟಿನಂತೆ ಗಟ್ಟಿಯಾಗಿ ನಳಿಗೆಯ ಬಲ ಮಗ್ಗುಲನ್ನು ಒತ್ತಿ ಹಿಡಿದಿತ್ತು. ಕಾದಾಗಲೆಲ್ಲ ಪಾಪ ಆ ನಳಿಗೆ ಎಡಕ್ಕೆ ಓಡದೆ ಇನ್ನೆಲ್ಲಿಗೆ ಹೋಗಬೇಕು? ಎಲೆಗಳನ್ನು ಚಾಕುವಿನಿಂದ ಬಿಡಿಸಿ, ಪೇಪರಿನ ಮೇಲೆ ಕವಾಯತಿಗೆ ನಿಲ್ಲಿಸಿದಂತೆ ಸಾಲಾಗಿ ಇಟ್ಟರು. ಏಳು. ಹಿಂದೆ, ಕಬ್ಬಿಣ ಗಟ್ಟಿಯಾಗಿ ಕೂರಬೇಕಾದ ಕಟ್ಟಿಗೆ ಎಣ್ಣೆ ಕುಡಿದು ಉಗುರಿಗೆ ಸಿಗುವಷ್ಟು ಮೆತ್ತಗಾಗಿತ್ತು. ಅದನ್ನು ಮೂಸಿ ನೋಡಿ, ಒಂದೇ ಪ್ರಶ್ನೆ ಕೇಳಿದರು: “ಇದು ಕುಸುಬಿ ಎಣ್ಣಿ ಅಲ್ಲೇನು? ನನಗ ಭಜಿ ಮಾಡಾಕ ಮನ್ಯಾಗ ಎಣ್ಣಿ ಇಲ್ಲ ಅಂತಿದ್ದೀ!”

ಆಮೇಲೆ ಠಾಣೆಯ ಮಾತು ಎತ್ತಲಿಲ್ಲ. ಭಜಿ ಮಾಡಿಸಿಕೊಂಡು ತಿಂದರು. ತಿಂದು, ಕೈ ತೊಳೆದು, ನಿಮಗೆ ಪತ್ರ ಬರೆಯಲು ಕೂತರು. ‘ವಿಷಯ: ರೈಫಲ್ ಕಟ್ಟಿಗೆಯ ದೋಷದ ಬಗ್ಗೆ ಮರುಪರಿಶೀಲನೆ’ ಎಂದು ಬರೆದು ಹರಿದರು. ಹೀಗೆ ನಾಲ್ಕು ಹಾಳೆ. ಐದನೆಯದರಲ್ಲಿ ‘ಪ್ರಿಯ ಶಮಶುದ್ದೀನ’ ಎಂದಷ್ಟೇ ಬರೆದು ಪೆನ್ನು ಮುಚ್ಚಿ ಎದ್ದುಹೋದರು. ಆ ಹಾಳೆಯ ಹಿಂಬದಿಯಲ್ಲೇ ನಾನು ಈ ಪತ್ರ ಶುರು ಮಾಡಿದ್ದು.

ಮೆತ್ತಗಾದ ಜಾಗವನ್ನು ಕೆರೆದು, ಎರಡು ಟ್ಯೂಬಿನ ಅಂಟು ಕಲಸಿ ಹಾಕಿ, ಕಬ್ಬಿಣಕ್ಕೆ ಮೇಣ ಸವರಿ ಅದರ ಮೇಲೆ ಕೂರಿಸಬೇಕಂತೆ. ತಾವೇ ಮಾಡುತ್ತೇನೆಂದು ಹೊರಟಿದ್ದರು. ಹಿಂದೊಮ್ಮೆ ಮಿಕ್ಸರಿನ ಹಿಡಿಕೆ ಅಂಟಿಸಲು ಹೋಗಿ ಮುಚ್ಚಳ ಅಂಟಿಸಿದ್ದನ್ನು ನೆನಪಿಸಿದೆ, ಟ್ಯೂಬು ಕೆಳಗಿಟ್ಟರು. ಆ ಕೆಲಸಕ್ಕೆ ನೀವೇ ಬೇಕು. ನಿಕಾಹ್ ಮುಗಿದು ಬಿಡುವಾದ ಮೇಲೆ ಬನ್ನಿ, ಕಾಡಿಗೆ ಡಬ್ಬಿ ಹೊಸದು ತಂದಿಟ್ಟಿದ್ದೇನೆ.

ನಿಕಾಹಿಗೆ ಇಬ್ಬರೂ ಬರುತ್ತೇವೆ. ಆದರೆ ಇವರ ಬಾಯಿಂದ ‘ತಪ್ಪಾಯಿತು’ ಎಂಬ ಮಾತನ್ನು ಕಾಯಬೇಡಿ, ನಾನು ಮೂವತ್ತನಾಲ್ಕು ವರ್ಷದಿಂದ ಕಾಯುತ್ತಿದ್ದೇನೆ. ಇವರು ತಪ್ಪೊಪ್ಪಿಕೊಳ್ಳುವುದು ಹೆಗಲ ಮೇಲೆ ಏನನ್ನಾದರೂ ಹೊತ್ತು ತಂದು. ನಿನ್ನೆ ಹೇಳದೆ ಕೇಳದೆ ಸಾಲೋಟಗಿಯ ನನ್ನ ತವರಿಗೆ ಹೋಗಿ ಒಂದು ಚೀಲ ನಿಂಬೆಹಣ್ಣು ತಂದಿಟ್ಟಿದ್ದಾರೆ. ಯಾರಿಗೆ ಎಂದರೆ, “ಲಗ್ನದ ಮನ್ಯಾಗ ನಿಂಬಿಹಣ್ಣು ಬೇಕಾಗ್ತಾವ” ಎಂದರು. ಬಾಗಿಲಲ್ಲಿ ಆ ಚೀಲ ಇಳಿಸಿಕೊಳ್ಳಿ ಅಣ್ಣಾ. ಅದರಷ್ಟು ಭಾರದ ಮಾತು ಅವರಿಗೆ ಬರುವುದಿಲ್ಲ.

ಇಷ್ಟು ಬರೆಯುವಾಗ ಬೆನ್ನ ಹಿಂದೆ ಬಂದು ನಿಂತು ಎಲ್ಲ ಓದಿಬಿಟ್ಟರು! ಹನ್ನೊಂದನೆಯವರಾದದ್ದನ್ನು ಹೊಡೆದುಹಾಕು ಎನ್ನುವರೇನೋ ಎಂದುಕೊಂಡೆ. ಇಲ್ಲ. ಪೇಪರಿನ ಮೇಲಿದ್ದ ಏಳರಲ್ಲಿ ಎರಡು ಎಲೆ ಆರಿಸಿ, ಧೋತರದ ಚುಂಗಿನಿಂದ ಎಣ್ಣೆ ಒರೆಸಿ, “ಇವನ್ನೂ ಹಾಕು. ಎರಡು ದಸರಾ ಅಂವಗ ಬನ್ನಿ ಕೊಟ್ಟಿಲ್ಲ ನಾ” ಎಂದು ಲಕೋಟೆಯೊಳಗೆ ತಾವೇ ಇಟ್ಟರು. ಈಗ ಹೊರಗಿನ ಕಟ್ಟೆಯ ಮೇಲೆ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದಾರೆ.

ಎಲೆ ಸ್ವಲ್ಪ ಕಪ್ಪಾಗಿವೆ, ಕುಸುಬಿ ಎಣ್ಣೆಯ ವಾಸನೆಯೂ ಇದೆ. ಆದರೂ ತೆಗೆದುಕೊಳ್ಳಿ ಅಣ್ಣಾ, ನಾವು ನೀವು ಬಂಗಾರದಂತೆ ಇರೋಣ. ಸುಲ್ತಾನಾ ಹೋದ ಮನೆಯಲ್ಲಿ ನಗುನಗುತ್ತ ಬಾಳಲಿ.

ಇನ್ನು ಮುಂದೆ ನಿಮ್ಮ ಸಂದಿಗೆ ಕೈ ಹಚ್ಚುವುದಿಲ್ಲವೆಂದು ಆಣೆ ಮಾಡುವ,
ನಿಮ್ಮ ತಂಗಿ
ಶೆಟ್ಟೆವ್ವ